ಸೊಸೆಯ ಆರು ವರ್ಷವನ್ನು ನಾನು ಮುಚ್ಚಿಡಲು ಹೋದಾಗ

ಹೋದ ವರ್ಷ ಯುಗಾದಿ ಕಳೆದು ಒಂದು ವಾರವಾಗಿತ್ತು. ಬೆಳಿಗ್ಗೆ ನಾನು ಸ್ಕೂಟರ್ ಕೀ ಹುಡುಕುತ್ತಾ ಹೊರಡುವ ಅವಸರದಲ್ಲಿದ್ದೆ. ನನ್ನ ಸೊಸೆ ಪವಿತ್ರ ನಮ್ಮ ಯಜಮಾನರ ಸ್ನಾನ, ತಿಂಡಿ ಎಲ್ಲ ಮುಗಿಸಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ಮತ್ತೆ ಕೆಲಸಕ್ಕೆ ಹೋಗಬೇಕು ಎಂದುಕೊಂಡಿದ್ದೇನೆ ಎಂದಳು. ಕೇಳುತ್ತಿದ್ದ ಹಾಗಿರಲಿಲ್ಲ, ತೀರ್ಮಾನ ಮಾಡಿಕೊಂಡು ತಿಳಿಸುತ್ತಿದ್ದ ಹಾಗಿತ್ತು. ಕೀ ಸಿಕ್ಕಿದರೂ ನಾನು ಹೊರಡಲಿಲ್ಲ, ಅಲ್ಲೇ ಕುಳಿತೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ರತ್ನಮ್ಮ, ಮನೆ ಬಾಡಿಗೆಗೆ ಕೊಡಿಸುವ ಬ್ರೋಕರ್. ಕೊಡಿಗೇಹಳ್ಳಿ ಹಳೆ ಊರಿನವಳು, ಓದಿದ್ದು ಏಳನೇ ಕ್ಲಾಸು. ಮದುವೆಯಾದ ಹೊಸದರಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಸಹಕಾರನಗರದ ಮನೆಗಳಿಗೆ ರವಿಕೆ ಕೊಡಲು ಹೋದಾಗಲೆಲ್ಲ, ಮೇಲಿನ ಮನೆ ಖಾಲಿಯಾಗಿದೆ, ಒಳ್ಳೆಯವರಿದ್ದರೆ ಹೇಳಿ ಎನ್ನುತ್ತಿದ್ದರು. ಹೇಳುತ್ತಾ ಹೇಳುತ್ತಾ ಹೊಲಿಗೆ ಮಷೀನು ಮೂಲೆ ಸೇರಿತು, ನನ್ನ ಬ್ಯಾಗಿನಲ್ಲಿ ಬೇರೆಯವರ ಮನೆಯ ಬೀಗದ ಕೈಗಳು ತುಂಬಿದವು. ಇಪ್ಪತ್ತೆರಡು ವರ್ಷವಾಯಿತು. ಯಲಹಂಕದಿಂದ ಹೆಬ್ಬಾಳದವರೆಗೆ ನಾನು ಮನೆ ಕೊಡಿಸಿದವರು ಇಲ್ಲದ ಕಂಪನಿ ಇರಲಿಕ್ಕಿಲ್ಲ. ಓನರ್ ಹುಬ್ಬು ಏರಿಸಿದ್ದು ನೋಡಿಯೇ ಅವರು ಎಷ್ಟಕ್ಕೆ ಇಳಿಯುತ್ತಾರೆ ಎಂದು ಹೇಳಬಲ್ಲೆ. ಜಂಬ ಎಂದುಕೊಳ್ಳಬೇಡಿ. ಈ ಕಥೆಯಲ್ಲಿ ನನ್ನ ಜಂಬ ಇಳಿಯುವುದೇ ಮುಖ್ಯ.

ಪವಿತ್ರ ಬಿ.ಇ. ಓದಿದವಳು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಐದು ವರ್ಷ ದುಡಿದಿದ್ದಳು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿ, ಅದು ಹೇಗೆ ಆಗುತ್ತದೆ ಎಂದು ಬಿಡಿಸಿ ಬರೆದುಕೊಡುವ ಕೆಲಸ. ಆರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ನನ್ನ ಕೆಲಸ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಮಗ ಮಂಜುನಾಥ ಯಶವಂತಪುರದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನೆ, ಶಿಫ್ಟ್ ಡ್ಯೂಟಿ. ಮೊಮ್ಮಗಳು ಆಗಿನ್ನೂ ಕೈಗೂಸು. ಕೆಲಸ ಬಿಡು ಎಂದು ಪವಿತ್ರಳಿಗೆ ಯಾರೂ ಹೇಳಲಿಲ್ಲ. ಎಲ್ಲರೂ ಅವಳ ಮುಖ ನೋಡಿದೆವು, ಅಷ್ಟೇ. ಮರುದಿನ ಅವಳು ರಾಜೀನಾಮೆ ಕೊಟ್ಟು ಬಂದಳು.

ಈಗ ಯಜಮಾನರು ಕೋಲು ಹಿಡಿದು ನಡೆಯುವಷ್ಟಾಗಿದ್ದರು, ಮಗು ಶಾಲೆಗೆ ಹೋಗುತ್ತಿತ್ತು. ನಾಲ್ಕು ತಿಂಗಳಿನಿಂದ ಪವಿತ್ರ ನಾವೆಲ್ಲ ಏಳುವ ಮುಂಚೆ ಎದ್ದು ಕಂಪ್ಯೂಟರ್ ಮುಂದೆ ಕುಳಿತು ಹೊಸದೇನೇನೋ ಕಲಿಯುತ್ತಿದ್ದಳಂತೆ. ಕೆಲಸಕ್ಕೆ ಅರ್ಜಿಗಳನ್ನೂ ಹಾಕುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ಅರವತ್ತಕ್ಕೂ ಹೆಚ್ಚು ಕಡೆ ಹಾಕಿದ್ದರೂ ಒಬ್ಬ ಮನುಷ್ಯನೂ ಮಾತಾಡಿಸಿರಲಿಲ್ಲ. ಬಂದ ಉತ್ತರಗಳೆಲ್ಲ ಮಷೀನು ಬರೆದವು.

"ಈ ವರ್ಷ ಆಗ್ಲಿಲ್ಲ ಅಂದ್ರೆ ಇನ್ನಾಗಲ್ಲ ಅತ್ತೆ. ಒಂದೊಂದ್ ವರ್ಷ ಜಾಸ್ತಿ ಆದಂಗೂ ನನ್ ಬಯೋಡೇಟಾ ತೆಗ್ದು ನೋಡೋರು ಕಮ್ಮಿ ಆಗ್ತಾರೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ತಟ್ಟುತ್ತಿರಲಿಲ್ಲ.

ನಾನು ಧೈರ್ಯ ಹೇಳಿದೆ. ಕಂಪನಿಯ ಸೈಟಿಗೆ ಅರ್ಜಿ ಹಾಕುವುದೆಂದರೆ ಯಾರೂ ಓಡಾಡದ ಗಲ್ಲಿಯಲ್ಲಿ ಟು-ಲೆಟ್ ಬೋರ್ಡ್ ನೇತುಹಾಕಿದ ಹಾಗೆ. ಮನೆಯಾಗಲಿ ಕೆಲಸವಾಗಲಿ ಕೈ ಬದಲಾಗುವುದು ಜನರ ಮೂಲಕ. ಬಯೋಡೇಟಾ ನನಗೆ ಕಳಿಸು, ಹದಿನೈದು ದಿನ ಟೈಮ್ ಕೊಡು ಎಂದೆ. ಅವಳು ಸ್ವಲ್ಪ ಅನುಮಾನದಿಂದಲೇ ಕಳಿಸಿದಳು.

ಜೆರಾಕ್ಸ್ ಅಂಗಡಿಯ ಚಂದ್ರಣ್ಣನ ಹತ್ತಿರ ಅದನ್ನು ಪ್ರಿಂಟ್ ಹಾಕಿಸಿ ಓದಿಸಿಕೊಂಡೆ. ಎಲ್ಲ ಚೆನ್ನಾಗಿತ್ತು. ಆದರೆ ನಡುವೆ ಆರು ವರ್ಷದ ಜಾಗದಲ್ಲಿ, ಮನೆಯವರ ಆರೈಕೆಗಾಗಿ ಬಿಡುವು, ಎಂದು ಇವಳು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಮನೆ ತೋರಿಸುವ ಮುಂಚೆ ತೇವ ಬಂದ ಗೋಡೆಗೆ ಒಂದು ಕೈ ಬಣ್ಣ ಹೊಡೆಸುವವಳು ನಾನು. ಇವಳು ತೇವ ಇರುವ ಕಡೆಯೇ ಲೈಟ್ ಹಾಕಿ ತೋರಿಸುತ್ತಿದ್ದಾಳೆ ಅನ್ನಿಸಿತು.

ಆರ್.ಟಿ. ನಗರದಲ್ಲಿ ನನ್ನ ತಮ್ಮನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅವನಿಗೆ ಫೋನ್ ಮಾಡಿ, ಪವಿತ್ರ ಆರು ವರ್ಷದಿಂದ ನಿನ್ನ ಹತ್ತಿರ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದಾಳೆ, ಯಾರಾದರೂ ಕೇಳಿದರೆ ಹೌದು ಅನ್ನು ಎಂದೆ.

ಅವನು ನಕ್ಕ. "ನನ್ನಂಗ್ಡೀಲಿ ಟೆಸ್ಟ್ ಮಾಡಾಕೆ ಏನೈತಕ್ಕ? ಕೀಬೋರ್ಡ್ ತಲೆಕೆಳಗ್ ಮಾಡಿ ಧೂಳ್ ಕೊಡವೋದೇಯ. ಇಂಗೆಲ್ಲ ಬ್ಯಾಡ ಕಣಕ್ಕ, ಆ ಉಡುಗಿಗೆ ಕೇಳಿದೀಯಾ?"

ಕೇಳುತ್ತೇನೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಚಂದ್ರಣ್ಣ ಆ ಸಾಲು ಅಳಿಸಿ, ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಕೂರಿಸಿಕೊಟ್ಟ. ಓದಲು ಬಹಳ ಗಂಭೀರವಾಗಿತ್ತು.

ಆಮೇಲೆ ನನ್ನ ಮೊಬೈಲಿನಲ್ಲಿದ್ದ ಹಳೆಯ, ಹೊಸ ಬಾಡಿಗೆದಾರರಿಗೆಲ್ಲ ಅದನ್ನು ಕಳಿಸಿದೆ. ಜೊತೆಗೆ ನಾಲ್ಕು ಸಾಲು ಬರೆದೆ. ಇಷ್ಟು ವರ್ಷ ಮನೆಗಳ ಬಗ್ಗೆ ಬರೆದು ಅಭ್ಯಾಸವಾದ ಕೈ, ಹಾಗೆಯೇ ಬಂತು. "ಒಳ್ಳೆ ಮನೆತನ. ಟೆಸ್ಟಿಂಗ್ ಬಲ್ಲವರು. ತಕ್ಷಣ ಸೇರಬಹುದು. ಸಂಬಳ ಕೂತು ಮಾತಾಡೋಣ. ನೇರ ವ್ಯವಹಾರ, ಬ್ರೋಕರ್‌ಗಳು ಬೇಡ." ಇನ್ನೂರ ಮೂವತ್ತು ಜನರಿಗೆ ಹೋಯಿತು. ಹೆಚ್ಚಿನವರು ಓದಿ ಸುಮ್ಮನಾದರು. ಒಬ್ಬರು ಜಾತಕ ಕಳಿಸಿ ಎಂದರು. ಇನ್ನೊಬ್ಬ, ಡಬಲ್ ಬೆಡ್‌ರೂಮಾ ಆಂಟಿ, ಕಾರ್ ಪಾರ್ಕಿಂಗ್ ಇದೆಯಾ ಎಂದು ಕೇಳಿದ.

ಮೂರನೇ ದಿನ ಶ್ರೀಧರ್ ಫೋನ್ ಮಾಡಿದ. ಹತ್ತು ವರ್ಷದ ಹಿಂದೆ ಬ್ಯಾಚುಲರ್ ಎಂದು ಯಾರೂ ಮನೆ ಕೊಡದೆ ಸಹಕಾರನಗರವೆಲ್ಲ ಅಲೆಯುತ್ತಿದ್ದವನು. ಹುಡುಗ ನನ್ನ ಕಡೆಯವನು, ಏನಾದರೂ ಆದರೆ ನನ್ನನ್ನು ಕೇಳಿ ಎಂದು ಓನರ್‌ಗೆ ಮಾತು ಕೊಟ್ಟು ಮನೆ ಕೊಡಿಸಿದ್ದೆ. ಈಗ ಹೆಬ್ಬಾಳದ ಕಡೆ ಒಂದು ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್. ನಮ್ಮಲ್ಲಿ ಟೆಸ್ಟಿಂಗ್‌ಗೆ ಒಂದು ಜಾಗ ಖಾಲಿಯಿದೆ, ನಾನೇ ರೆಫರ್ ಮಾಡಿದ್ದೇನೆ ಎಂದ. ರೆಫರ್ ಎಂದರೆ, ಕಂಪನಿಯೊಳಗಿನವರು ತಮ್ಮ ಹೆಸರಿನಲ್ಲಿ ಹೊರಗಿನವರೊಬ್ಬರನ್ನು ಸೂಚಿಸುವುದು. ಹಾಗೆ ಬಂದ ಬಯೋಡೇಟಾವನ್ನು ಮೊದಲು ನೋಡುತ್ತಾರೆ.

ನನ್ನ ಕಾಲು ನೆಲದ ಮೇಲಿರಲಿಲ್ಲ. ಹದಿನೈದು ದಿನ ಎಂದಿದ್ದೆ, ಮೂರೇ ದಿನದಲ್ಲಿ ಮುಗಿಸಿದ್ದೆ. ಮೈಸೂರು ಪಾಕ್ ಕಟ್ಟಿಸಿಕೊಂಡು ಮನೆಗೆ ಹೋಗಿ ಪವಿತ್ರಳಿಗೆ ಎಲ್ಲ ಹೇಳಿದೆ. ನೀವು ಕಳಿಸಿದ್ದನ್ನು ತೋರಿಸಿ ಎಂದಳು. ನನ್ನ ಮೊಬೈಲ್ ಹಿಡಿದು ನಿಧಾನವಾಗಿ ಓದಿದಳು. ಮತ್ತೊಮ್ಮೆ ಓದಿದಳು.

"ಅತ್ತೆ, ಇದ್ರಲ್ಲಿ ನಾನಿಲ್ಲ" ಎಂದಳು.

ಎಲ್ಲರೂ ಹೀಗೇ ಮಾಡುತ್ತಾರೆ, ಒಳಗೆ ಹೋದ ಮೇಲೆ ನಿನ್ನ ಕೆಲಸವೇ ಮಾತಾಡುತ್ತದೆ ಎಂದೆಲ್ಲ ವಾದ ಮಾಡಿದೆ. ಸೇರಿದ ಮೇಲೂ ಹಳೆಯದನ್ನೆಲ್ಲ ವಿಚಾರಿಸುತ್ತಾರೆ, ಸಿಕ್ಕಿಬಿದ್ದರೆ ತನ್ನ ಜೊತೆಗೆ ಶ್ರೀಧರ್ ಹೆಸರೂ ಕೆಡುತ್ತದೆ ಎಂದು ಅವಳು ವಿವರಿಸಿದಳು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಅದನ್ನು ಹೇಳಲು ಹೊರಟಾಗ ಅವಳು ತಡೆದಳು.

"ಆ ಆರು ವರ್ಷ ನಾನೇನ್ ತಪ್ ಮಾಡಿದೀನಿ ಅಂತ ಮುಚ್ಚಿಡ್ಬೇಕು ಅತ್ತೆ? ಮಾವನ್ನ ನೋಡ್ಕೊಂಡೆ. ಬೇರೆಯವ್ರು ಅದನ್ನ ಗ್ಯಾಪು ಅಂತಾರೆ, ಅನ್ಲಿ. ನೀವೂ ಅಂದ್ರೆ ಹೆಂಗೆ?"

ಒಳಗಿನ ರೂಮಿನಲ್ಲಿ ಯಜಮಾನರು ಕೆಮ್ಮಿದರು. ಮೈಸೂರು ಪಾಕಿನ ಡಬ್ಬ ಮೇಜಿನ ಮೇಲೇ ಉಳಿಯಿತು.

ಅವಳು ಆವತ್ತೇ ಶ್ರೀಧರ್‌ಗೆ ಫೋನ್ ಮಾಡಿ, ಎದುರಿಗೆ ಕೂತು ಒಂದು ಮಾತು ಹೇಳಬೇಕು ಎಂದು ಕೇಳಿಕೊಂಡಳು. ಶನಿವಾರ ಬೆಳಿಗ್ಗೆ ಸಹಕಾರನಗರದ ಒಂದು ದರ್ಶಿನಿಯಲ್ಲಿ ಸೇರುವುದೆಂದಾಯಿತು. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ, ನಾನೂ ಬರುತ್ತೇನೆ, ತಪ್ಪು ನನ್ನದು ಎಂದೆ. ನಿಜ ಹೇಳಬೇಕೆಂದರೆ, ಅಲ್ಲಿ ಏನಾದರೂ ಮಾತಾಡಿ ಸರಿಮಾಡಬಹುದು ಎಂಬ ಆಸೆಯೂ ಇತ್ತು.

ನಿಂತು ತಿನ್ನುವ ಮೇಜಿನ ಸುತ್ತ ಮೂವರು, ಮೂರು ಕಾಫಿ. ಪವಿತ್ರ ಸುತ್ತುಬಳಸಲಿಲ್ಲ. ನಿಮಗೆ ಬಂದ ಬಯೋಡೇಟಾದಲ್ಲಿ ಆರು ವರ್ಷದ ವಿಷಯ ಸುಳ್ಳು, ನಾನು ಮನೆಯಲ್ಲಿದ್ದೆ, ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ ಎಂದಳು. ಸುಳ್ಳು ಬರೆಸಿದ್ದು ಯಾರು ಎಂದು ಹೇಳಲೇ ಇಲ್ಲ. ನಾನೇ ಹೇಳಬೇಕಾಯಿತು. ಶ್ರೀಧರ್ ಮುಖ ಕೆಂಪಾಯಿತು. ಕಾಫಿ ಲೋಟ ಕೆಳಗಿಟ್ಟ.

"ನನ್ ಹೆಸ್ರಲ್ಲಿ ಹೋಗಿದೆ ಆಂಟಿ ಅದು."

ನಾನೂ ಬಿಡಲಿಲ್ಲ. ನಿನ್ನನ್ನು ನಂಬಿ ಓನರ್ ಹತ್ತಿರ ಅವತ್ತು ನಾನು ನನ್ನ ಹೆಸರು ಹಾಕಿರಲಿಲ್ಲವಾ ಎಂದೆ.

"ಹಾಕಿದ್ರಿ. ಅದನ್ನ ನಾನ್ ಮರೆಯಲ್ಲ. ಆದ್ರೆ ನಾನು ದಿನಾ ಕುಡ್ದು ಗಲಾಟೆ ಮಾಡೋನು ಅಂತ ಗೊತ್ತಿದ್ದಿದ್ರೆ ಹಾಕ್ತಿದ್ರಾ?"

ಹಾಕುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ವ್ಯಾಪಾರ ನಡೆದಿದ್ದೇ ಆ ಒಂದು ಮಾತಿನ ಮೇಲೆ. ರತ್ನಮ್ಮ ಕಳಿಸಿದವರು ಎಂದರೆ ಓನರ್‌ಗಳು ಬಾಗಿಲು ತೆಗೆಯುತ್ತಾರೆ. ಅದೇ ಬೇರೆಯವರ ಹೆಸರಿನ ಪ್ರಶ್ನೆ ಬಂದಾಗ ನನಗೆ ಹೊಳೆದೇ ಇರಲಿಲ್ಲ.

ಕಂಪನಿಗೆ ಬರೆದು ಆ ರೆಫರೆನ್ಸ್ ರದ್ದು ಮಾಡಿಸುತ್ತೇನೆ, ಒಮ್ಮೆ ರದ್ದಾದರೆ ಇನ್ನು ಆರು ತಿಂಗಳು ನಮ್ಮಲ್ಲಿ ಅರ್ಜಿ ಹಾಕುವ ಹಾಗಿಲ್ಲ ಎಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ, ಮೂರು ತಿಂಗಳಿಗೆ ಇಳಿಸಕ್ಕಾಗಲ್ಲವಾ ಎಂದು ಕೇಳಿಯೇಬಿಟ್ಟೆ. "ಇದು ಮನೆ ಅಡ್ವಾನ್ಸ್ ಅಲ್ಲ ಆಂಟಿ" ಎಂದ. ಪವಿತ್ರ ತಲೆ ತಗ್ಗಿಸಿದಳು. ನಗುತ್ತಿದ್ದಾಳೋ ನಾಚಿಕೊಳ್ಳುತ್ತಿದ್ದಾಳೋ ಗೊತ್ತಾಗಲಿಲ್ಲ.

ಅವನು ಹೊರಡಲು ಬ್ಯಾಗು ಎತ್ತಿಕೊಂಡಾಗ ಪವಿತ್ರ ಮಾತಾಡಿದಳು. ಕೆಲಸ ಕೇಳಲಿಲ್ಲ. ಇಪ್ಪತ್ತು ನಿಮಿಷ ಕೊಡಿ, ನಾನು ಈ ನಾಲ್ಕು ತಿಂಗಳಲ್ಲಿ ಕಲಿತಿದ್ದನ್ನು ನೋಡಿ, ಎಲ್ಲೆಲ್ಲಿ ಹಿಂದಿದ್ದೇನೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎಂದಳು. ಅವನು ಒಂದು ಗಳಿಗೆ ಯೋಚಿಸಿ ಬ್ಯಾಗು ಕೆಳಗಿಟ್ಟ. ಲೋಟಗಳನ್ನು ಪಕ್ಕಕ್ಕೆ ಸರಿಸಿ ಪವಿತ್ರ ತಂದಿದ್ದ ಲ್ಯಾಪ್‌ಟಾಪ್ ತೆರೆದರು. ಇಪ್ಪತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು. ಮೇಜು ಬಿಡಿ ಎಂದು ದರ್ಶಿನಿಯವರು ಎರಡು ಸಲ ಬಂದರು, ನಾನು ಎರಡು ಸಲ ಖಾರಾಭಾತ್ ತೆಗೆದುಕೊಂಡು ಸಮಾಧಾನ ಮಾಡಿದೆ. ಶ್ರೀಧರ್ ಮೂರು ಕೊರತೆ ಹೇಳಿದ. ಪವಿತ್ರ ಮೂರನ್ನೂ ಬರೆದುಕೊಂಡಳು. ಮಾಡಿದ ಕೆಲಸವನ್ನು ನಾಲ್ಕು ಜನ ನೋಡುವ ಕಡೆ ಇಡಿ, ಟೆಸ್ಟಿಂಗ್‌ನವರು ಸೇರುವ ಕಡೆ ಹೋಗಿ ಕೂತ್ಕೊಳ್ಳಿ ಎಂದೂ ಹೇಳಿ ಹೋದ.

ಅಲ್ಲಿಂದ ಮುಂದೆ ನಾನು ಬರೀ ಪ್ರೇಕ್ಷಕಿ. ಹೆಚ್ಚೆಂದರೆ ಸ್ಕೂಟರ್ ಡ್ರೈವರ್.

ಪವಿತ್ರ ಮೊದಲು ತನ್ನ ಹಳೆಯ ಕಂಪನಿಯಲ್ಲಿ ಜೊತೆಗಿದ್ದವರ ಪಟ್ಟಿ ಮಾಡಿದಳು, ಹತ್ತೊಂಬತ್ತು ಜನ. ಕಂಪನಿಗಳಲ್ಲಿ ಕೆಲಸ ಮಾಡುವವರು ಒಬ್ಬರಿಗೊಬ್ಬರು ಪರಿಚಯವಾಗುವ ಸೈಟಿನಲ್ಲಿ ಅವರನ್ನೆಲ್ಲ ಹುಡುಕಿ ದಿನಕ್ಕೆ ಇಬ್ಬರಂತೆ ಬರೆದಳು. ನಾನು ಇನ್ನೂರ ಮೂವತ್ತು ಜನಕ್ಕೆ ಅದೇ ನಾಲ್ಕು ಸಾಲು ಎಸೆದಿದ್ದೆ. ಇವಳು ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುತ್ತಿದ್ದಳು. ಪ್ರೋಗ್ರಾಮ್ ರಿಲೀಸ್ ಆದ ಆ ದಿನ ಪೂರ್ತಿ ನಾವಿಬ್ಬರೂ ಬಿಸ್ಕತ್ತು ತಿಂದುಕೊಂಡೇ ಕೆಲಸ ಮಾಡಿದ್ದು ನೆನಪಿದೆಯಾ ಎಂದು ಒಬ್ಬಳಿಗೆ. ಆರು ವರ್ಷ ಮನೆಯಲ್ಲಿದ್ದೆ ಎಂಬುದು ಎರಡನೇ ಸಾಲಿನಲ್ಲೇ ಇರುತ್ತಿತ್ತು. ಕೊನೆಗೆ ಒಂದೇ ಒಂದು ಪ್ರಶ್ನೆ, ಅವರು ಐದು ನಿಮಿಷದಲ್ಲಿ ಉತ್ತರಿಸುವಂಥದ್ದು. ಹನ್ನೊಂದು ಜನ ಉತ್ತರ ಬರೆದರು. ಅವರು ಹೇಳಿದ್ದನ್ನು ಮಾಡಿ, ಎರಡು ವಾರದ ನಂತರ ಹೀಗೆ ಮಾಡಿದೆ, ಇಷ್ಟು ಉಪಯೋಗವಾಯಿತು ಎಂದು ತಿಳಿಸುತ್ತಿದ್ದಳು. ಶ್ರೀಧರ್‌ಗೂ ಹಾಗೆಯೇ.

ನನಗೆ ತಡೆಯಲಾಗಲಿಲ್ಲ. ಇಷ್ಟೆಲ್ಲ ಆದ ಮೇಲೆ ಒಂದು ಕೆಲಸ ಕೊಡಿಸಿ ಎಂದು ಬಾಯಿ ಬಿಟ್ಟು ಕೇಳಬಾರದಾ ಎಂದೆ.

"ಹುಡುಕ್ತಿದೀನಿ ಅಂತ ಎಲ್ರಿಗೂ ಗೊತ್ತು ಅತ್ತೆ. ದಿನಾ ಕೇಳಿದ್ರೆ ನನ್ ಮೆಸೇಜ್ ನೋಡಿದ್ ತಕ್ಷಣ ಫೋನ್ ಬೋರಲು ಹಾಕ್ತಾರೆ."

ಹೌದಲ್ಲ ಅನ್ನಿಸಿತು. ಚೌಕಾಸಿಯಲ್ಲಿ ಬೆಲೆ ಹೇಳಿ ಬಾಯಿ ಮುಚ್ಚಿಕೊಂಡು ಕೂರುವವರೇ ಗೆಲ್ಲುತ್ತಾರೆ ಎಂದು ಎಷ್ಟು ಜನಕ್ಕೆ ನಾನೇ ಹೇಳಿದ್ದೇನೆ. ನನ್ನ ಕೈಲಿ ಮಾತ್ರ ಎಂದೂ ಆಗಿಲ್ಲ.

ತಿಂಗಳಿಗೆ ಎರಡು ಶನಿವಾರ ಹೆಬ್ಬಾಳದ ಹತ್ತಿರ ಒಂದು ಆಫೀಸಿನಲ್ಲಿ ಟೆಸ್ಟಿಂಗ್‌ನವರು ಸೇರುತ್ತಿದ್ದರು. ಫ್ಲೈಓವರ್ ಕೆಳಗಿನ ಟ್ರಾಫಿಕ್ಕಿನಲ್ಲಿ ನುಗ್ಗಿಸಿ ನಾನೇ ಬಿಟ್ಟುಬರುತ್ತಿದ್ದೆ. ಮೊದಲ ದಿನ ಅವಳನ್ನು ಯಾರೂ ಮಾತಾಡಿಸಲಿಲ್ಲವಂತೆ. ಎಲ್ಲರೂ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಎರಡನೇ ಸಲ ಅರ್ಧ ಗಂಟೆ ಮುಂಚೆ ಹೋಗಿ ಕುರ್ಚಿ ಹಾಕುವುದಕ್ಕೆ ಕೈಜೋಡಿಸಿದಳು. ಕುರ್ಚಿ ಹಾಕುವಾಗ ಮಾತಾಡದೆ ಇರಲು ಯಾರಿಗೆ ಆಗುತ್ತದೆ ಹೇಳಿ. ಆವತ್ತು ನಾಲ್ಕು ಹೆಸರು ಗೊತ್ತಾದವು. ಮೂರನೇ ಸಲ ಅಲ್ಲಿ ನಡೆದ ಮಾತನ್ನೆಲ್ಲ ಚೊಕ್ಕವಾಗಿ ಬರೆದು ಎಲ್ಲರಿಗೂ ಹಂಚಿದಳು. ನಾಲ್ಕನೇ ಸಲಕ್ಕೆ ಪವಿತ್ರ ಬಂದಿಲ್ಲವಾ ಎಂದು ಕೇಳುವವರಿದ್ದರು.

ಇದೆಲ್ಲ ನೆಟ್ಟಗೆ ಮೇಲೇ ಹೋಯಿತು ಎಂದುಕೊಳ್ಳಬೇಡಿ. ಆಷಾಢದಲ್ಲಿ ಎರಡು ಕಡೆ ಇಂಟರ್‌ವ್ಯೂಗೆ ಕರೆದು ಎರಡೂ ಕಡೆ ಬೇಡ ಎಂದರು. ಒಂದು ಕಡೆ, ಇಷ್ಟು ವರ್ಷ ಆರಾಮಾಗಿ ಮನೆಯಲ್ಲಿದ್ದವರು ಈಗ್ಯಾಕೆ ಬರುತ್ತಿದ್ದೀರಿ ಎಂದು ಕೇಳಿದರಂತೆ. ಮನೆಗೆ ಬಂದವಳು ಸೀರೆ ಕೂಡ ಬದಲಾಯಿಸದೆ ಯಜಮಾನರ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕುಳಿತಿದ್ದಳು. ಅವರು ಅವಳ ಮುಖವನ್ನೇ ನೋಡುತ್ತಿದ್ದರು. ತಮ್ಮನ ಅಂಗಡಿಯ ಯೋಚನೆ ಮತ್ತೆ ನನ್ನ ತಲೆಗೆ ಬಂದಿದ್ದು ಸುಳ್ಳಲ್ಲ. ಬಾಯಿಗೆ ಬರದಂತೆ ನೋಡಿಕೊಂಡೆ.

ಆ ವಾರವೇ ನನ್ನಿಂದ ಅವಳಿಗೆ ಒಂದು ಉಪಕಾರವಾಯಿತು, ನನಗೇ ಗೊತ್ತಿಲ್ಲದೆ. ಮನೆ ಬಾಡಿಗೆಯ ಒಂದು ಹೊಸ ಆಪ್ ಬಂದಿತ್ತು. ಅದರಲ್ಲಿ ಮನೆಯ ಫೋಟೋ ಹಾಕಿ ನನ್ನ ಫೋನ್ ನಂಬರ್ ಬರೆದ ತಕ್ಷಣ ಫೋಟೋಗಳೆಲ್ಲ ಮಾಯವಾಗುತ್ತಿದ್ದವು. ನಾನು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತಾ ಕೂತಿದ್ದೆ. ಪವಿತ್ರ ಪಕ್ಕದಲ್ಲಿ ಬಂದು ಕುಳಿತಳು.

"ಇನ್ನೊಂದ್ ಸಲ ಹಂಗೇ ಮಾಡಿ ಅತ್ತೆ. ಬೈಗುಳ ಬೇಡ, ಬೆರಳು ಮಾತ್ರ."

ಏಳು ಸಲ ಮಾಡಿಸಿದಳು. ನಂಬರಿನ ಮಧ್ಯೆ ನಾನು ಜಾಗ ಬಿಟ್ಟು ಬರೆಯುತ್ತೇನೆ, ಓದಲು ಸುಲಭ ಎಂದು. ಆಪ್‌ಗೆ ಅದು ಆಗುತ್ತಿರಲಿಲ್ಲ. ಅದನ್ನು ಮೊದಲು ಆಪ್ ಮಾಡಿದವರಿಗೆ ಮರ್ಯಾದೆಯಾಗಿ ಬರೆದು ತಿಳಿಸಿದಳು. ಅವರು ಸರಿಪಡಿಸಿ ಥ್ಯಾಂಕ್ಸ್ ಹೇಳಿದ ಮೇಲೆ, ಏಳನೇ ಕ್ಲಾಸ್ ಓದಿ ದಿನಕ್ಕೆ ಹತ್ತು ಮನೆ ತೋರಿಸುವ ನಮ್ಮತ್ತೆಗೆ ಆಪ್‌ಗಳು ಎಲ್ಲೆಲ್ಲಿ ಕೈಕೊಡುತ್ತವೆ ಎಂದು ಹಳೆಯ ಜೊತೆಗಾರರನ್ನು ಹುಡುಕಿದ್ದ ಸೈಟಿನಲ್ಲೇ ಒಂದು ಬರಹ ಹಾಕಿದಳು. ಸಾವಿರಾರು ಜನ ಓದಿದರು. ಆಮೇಲೆ ಹಾಲಿನ ಆಪ್, ಗ್ಯಾಸ್ ಬುಕ್ ಮಾಡುವುದು, ಶಾಲೆಯ ಫೀಸಿನ ಆಪ್ ಎಂದು ವಾರಕ್ಕೊಂದು. ಎಲ್ಲದರಲ್ಲೂ ಬೆರಳು ನನ್ನದು, ಬುದ್ಧಿ ಅವಳದು.

ಗೌರಿ ಹಬ್ಬದ ಮುಂಚಿನ ವಾರ ಯಲಹಂಕ ನ್ಯೂಟೌನ್‌ನಿಂದ ನಂದಿನಿ ಎಂಬುವವರು ಪವಿತ್ರಳಿಗೆ ಫೋನ್ ಮಾಡಿದರು. ಅಲ್ಲಿನ ಒಂದು ಚಿಕ್ಕ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಈ ಬರಹಗಳನ್ನು ಓದಿದ್ದರು. ಆ ಸೈಟಿನಲ್ಲಿ ಪವಿತ್ರಳಿಗೆ ಪರಿಚಯವಿರುವವರಲ್ಲಿ ಶ್ರೀಧರ್ ಹೆಸರು ಕಂಡು, ಅವನು ತಮ್ಮ ಹಳೆಯ ಸಹೋದ್ಯೋಗಿಯಾದ್ದರಿಂದ, ಹೇಗೆ ಈಕೆ ಎಂದು ವಿಚಾರಿಸಿದ್ದರು. ಅವನು ದರ್ಶಿನಿಯ ಕಥೆ ಪೂರ್ತಿ ಹೇಳಿದ್ದ.

ಅವನು ಹೇಳಿದ ಮಾತನ್ನು ನಂದಿನಿ ಇಂಟರ್‌ವ್ಯೂನಲ್ಲಿ ಪವಿತ್ರಳಿಗೆ ಹೇಳಿದರಂತೆ: "ತನಗೆ ಸಿಗೋ ಕೆಲ್ಸ ಹೋಗುತ್ತೆ ಅಂತ ಗೊತ್ತಿದ್ದೂ ಇದು ತಪ್ಪು ಅಂತ ಬಂದು ಹೇಳಿದೋರು ಅವ್ರು. ಟೆಸ್ಟರ್ ಹತ್ರ ಇನ್ನೇನ್ ಬೇಕು ನಿಮ್ಗೆ?"

ಇಂಟರ್‌ವ್ಯೂ ಎರಡು ಗಂಟೆ ನಡೆಯಿತು. ನಾನು ಎದುರಿನ ಎಳನೀರು ಗಾಡಿಯ ಹತ್ತಿರ ಕಾಯುತ್ತಾ, ಅಲ್ಲಿಗೆ ಬಂದ ಮೂವರಿಗೆ ಮನೆ ಬೇಕಾ ಎಂದು ಕೇಳಿ ಮುಗಿಸಿದ್ದೆ. ಆರು ವರ್ಷದ ಬಗ್ಗೆ ಅಲ್ಲಿಯೂ ಕೇಳಿದರಂತೆ. ಮಾವನವರಿಗೆ ಎಷ್ಟು ಹೊತ್ತಿಗೆ ಯಾವ ಮಾತ್ರೆ, ಯಾವುದು ಕೊಟ್ಟ ದಿನ ತಲೆಸುತ್ತು ಬಂತು, ಯಾವ ವ್ಯಾಯಾಮಕ್ಕೆ ಕೈ ಎಷ್ಟು ಎದ್ದಿತು ಎಂದು ಆರು ವರ್ಷ ಬರೆದಿಟ್ಟ ನೋಟ್‌ಬುಕ್ ಒಂದನ್ನು ಪವಿತ್ರ ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಳಂತೆ. ಅಂಥದ್ದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಕೆಲಸ ಸಿಕ್ಕಿತು, ಆದರೆ ಮೊದಲು ಆರು ತಿಂಗಳ ಕಾಂಟ್ರಾಕ್ಟ್. ಸಂಬಳ ಅವಳು ಕೇಳಿದ್ದಕ್ಕಿಂತ ಕಮ್ಮಿ. ನಾನು ಮಾತಾಡ್ತೀನಿ ಫೋನ್ ಕೊಡು ಎಂದೆ. ಪವಿತ್ರ ಕೈ ಅಡ್ಡ ಹಿಡಿದು ತಾನೇ ಮಾತಾಡಿದಳು. ಸಂಬಳ ಒಪ್ಪುತ್ತೇನೆ, ಆದರೆ ಮೂರು ತಿಂಗಳಾದ ಮೇಲೆ ನನ್ನ ಕೆಲಸ ನೋಡಿ ಕಾಯಂ ಮಾಡುವ ಬಗ್ಗೆ ತೀರ್ಮಾನಿಸಬೇಕು, ಅದು ಪತ್ರದಲ್ಲಿ ಬರಬೇಕು, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಎಂದಳು. ಅಷ್ಟು ಹೇಳಿ ಸುಮ್ಮನಾದಳು. ಆ ಕಡೆಯೂ ಮೌನ. ನಾನಾಗಿದ್ದರೆ ಅಷ್ಟರಲ್ಲಿ ಎರಡು ಮೆಟ್ಟಿಲು ಇಳಿದಿರುತ್ತಿದ್ದೆ. ಇವಳು ಗೋಡೆ ನೋಡುತ್ತಾ ನಿಂತಿದ್ದಳು. ಎಲ್ಲವನ್ನೂ ಒಪ್ಪಿದರು. ಮೂರು ತಿಂಗಳಿಗೆ ಅವಳ ಕೆಲಸ ಕಾಯಂ ಆಯಿತು.

ಈಗ ನನ್ನ ಹತ್ತಿರ ಮನೆ ನೋಡಲು ಬರುವ ಹುಡುಗ ಹುಡುಗಿಯರು ಕೆಲಸ ಹೋಯಿತು, ಯಾರಾದರೂ ಪರಿಚಯವಿದ್ದರೆ ಹೇಳಿ ಆಂಟಿ ಎಂದಾಗ ನಾನು ಬುದ್ಧಿ ಹೇಳದೆ ಕಳಿಸುವುದಿಲ್ಲ. ನೂರು ಜನಕ್ಕೆ ಒಂದೇ ಮೆಸೇಜ್ ಕಳಿಸಬೇಡಿ, ಹತ್ತು ಜನಕ್ಕೆ ಹತ್ತು ಬರೆಯಿರಿ. ಮೊದಲ ಸಲವೇ ಕೆಲಸ ಕೇಳಬೇಡಿ, ಅವರು ಕೊಡಲು ಸಾಧ್ಯವಿರುವುದನ್ನು ಕೇಳಿ. ಅವರು ಹೇಳಿದ್ದನ್ನು ಮಾಡಿ, ಮಾಡಿದೆ ಎಂದು ತಿಳಿಸಿ. ನಿಮಗಾಗಿ ಯಾರಾದರೂ ತಮ್ಮ ಹೆಸರು ಕೊಟ್ಟರೆ ಅದನ್ನು ನಿಮ್ಮ ಹೆಸರಿಗಿಂತ ಜೋಪಾನ ಮಾಡಿ. ಬಿಟ್ಟಿ ಸಲಹೆಯಾದ್ದರಿಂದ ಅರ್ಧ ಜನ ಕೇಳುವುದಿಲ್ಲ. ಅದು ಅವರಿಗೆ ಬಿಟ್ಟಿದ್ದು.

ಅವಳು ಕೆಲಸಕ್ಕೆ ಹೋದ ಮೊದಲ ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ಬೆಳಗಿನ ಹೊತ್ತು ಯಜಮಾನರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಹನ್ನೊಂದರ ಮೇಲೆಯೇ ಮನೆ ತೋರಿಸುವುದು ಎಂದು ಎಲ್ಲ ಓನರ್‌ಗಳಿಗೂ ಹೇಳಿದ್ದೆ. ಪವಿತ್ರ ಹೊರಡುವಾಗ ಒಂದು ಹಾಳೆ ಕೊಟ್ಟಳು. ಟೆಸ್ಟಿಂಗ್‌ನಲ್ಲಿ ಹೀಗೇ ಬರೆಯುತ್ತಾರಂತೆ: ಏನು ಮಾಡಬೇಕು, ಮಾಡಿದರೆ ಏನಾಗಬೇಕು, ಆಗದಿದ್ದರೆ ಏನು. ಮೊದಲನೆಯದು, ಬಿಸಿನೀರಿನಲ್ಲಿ ಹಿಂಡಿದ ಟವೆಲ್ ಬಲಗೈಗೆ ಐದು ನಿಮಿಷ. ಬೆರಳು ತಾವಾಗಿ ಬಿಚ್ಚಿಕೊಳ್ಳಬೇಕು. ಬಿಚ್ಚದಿದ್ದರೆ ಇನ್ನೈದು ನಿಮಿಷ, ಎಳೆಯಬೇಡಿ. ಹೀಗೆ ಹನ್ನೆರಡು. ಹನ್ನೆರಡನೆಯದು ನಡಿಗೆ. ಮೊದಲ ಸಲ ಕರೆದರೆ ಮಾವ ಬೇಡ ಅನ್ನುತ್ತಾರೆ. ಎರಡನೇ ಸಲ ಬೈಯುತ್ತಾರೆ. ಅಲ್ಲಿಗೆ ಬಿಡಬೇಡಿ. ಮೂರನೇ ಸಲ ಚಪ್ಪಲಿ ಎಲ್ಲಿ ಅಂತ ಕೇಳುತ್ತಾರೆ.

ನಾನು ಕರೆದೆ. ಬೇಡ ಎಂದರು. ಇನ್ನೊಂದು ಸಲ ಕರೆದೆ. ನಿನಗೆ ಮಾಡಲು ಬೇರೆ ಕೆಲಸವಿಲ್ಲವಾ ಎಂದು ಬೈದರು. ಆರು ವರ್ಷದಲ್ಲಿ ಯಾವಾಗಲೋ ಒಂದೆರಡು ಸಲ ಕರೆದಿದ್ದಾಗಲೂ ಹೀಗೇ ಬೈದಿದ್ದರು, ನಾನು ಬ್ಯಾಗು ತಗಲಿಸಿಕೊಂಡು ಹೊರಟುಹೋಗಿದ್ದೆ. ಆವತ್ತು ಹಾಳೆ ಕೈಯಲ್ಲಿ ಹಿಡಿದುಕೊಂಡೇ ಮೂರನೇ ಸಲ ಕರೆದೆ.

ಅವರು ಕೋಲಿಗೆ ಕೈ ಚಾಚಿದರು.

"ಚಪ್ಲಿ ಎಲ್ಲಿಟ್ಟಿದೀಯೇ?" ಎಂದರು.

ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮನುಷ್ಯ ಎಷ್ಟನೇ ಮಾತಿಗೆ ಒಪ್ಪುತ್ತಾರೆ ಎಂದು ನನಗೆ ನನ್ನ ಸೊಸೆ ಬರೆದುಕೊಟ್ಟು ಹೋಗಬೇಕಾಯಿತು. ಚಪ್ಪಲಿ ಎಲ್ಲಿವೆ ಎಂದೂ ನನಗೆ ಗೊತ್ತಿರಲಿಲ್ಲ. ಹಾಳೆ ತಿರುಗಿಸಿ ನೋಡಿದೆ. ಹಿಂದೆ ಅದನ್ನೂ ಬರೆದಿದ್ದಳು.